ಮಕ್ಕಳ ಹೊಟ್ಟೆ, ಹಿರಿಯರ ಭಯ

ಮಕ್ಕಳ ಜ್ವರ, ಕೆಮ್ಮು, ಹಲ್ಲುನೋವುಗಳ ಬಗ್ಗೆ ನಾವು ಮನೆಗೆ ಬಂದವರೊಡನೆ ಧಾರಾಳವಾಗಿ ಮಾತನಾಡುತ್ತೇವೆ. ಮಗು ನಾಲ್ಕು ದಿನಗಳಿಂದ ಸಂಡಾಸಿಗೆ ಹೋಗಿಲ್ಲ ಎಂಬ ಮಾತು ಮಾತ್ರ ಅಡುಗೆಮನೆಯ ಗೋಡೆ ದಾಟುವುದಿಲ್ಲ. ದಾಟಿದರೂ ದನಿ ತಗ್ಗಿಸಿಕೊಂಡು ದಾಟುತ್ತದೆ. ಎಲ್ಲರೂ ಹೀಗೆ ದನಿ ತಗ್ಗಿಸುವುದರಿಂದಲೇ ಇದು ತಮ್ಮ ಮಗುವಿಗೆ ಮಾತ್ರ ಅಂಟಿಕೊಂಡ ವಿಚಿತ್ರ ತೊಂದರೆ ಎಂದು ಪ್ರತಿ ಮನೆಯವರೂ ಭಾವಿಸುವಂತಾಗಿದೆ.

ವಾಸ್ತವ ಬೇರೆಯೇ ಇದೆ. ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯ ಪ್ರಕಾರ ಶೇಕಡ 9.5ರಷ್ಟು ಮಕ್ಕಳಿಗೆ ಮಲಬದ್ಧತೆಯ ತೊಂದರೆ ಇದೆ. ನಲವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಸುಮಾರು ನಾಲ್ವರು ಎಂದು ಲೆಕ್ಕ ಹಾಕಬಹುದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮಲಬದ್ಧತೆ ಇರುವ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳ ಕರುಳನ್ನು ಎಷ್ಟು ಪರೀಕ್ಷಿಸಿದರೂ ಅಲ್ಲಿ ಯಾವ ರೋಗವೂ ಸಿಗುವುದಿಲ್ಲ. ಇವರಲ್ಲಿ ಬಹಳಷ್ಟು ಮಕ್ಕಳು ನೋವಿಗೆ ಹೆದರಿಯೋ, ಜಾಗಕ್ಕೆ ಹೆದರಿಯೋ, ಮನುಷ್ಯರಿಗೆ ಹೆದರಿಯೋ ಮಲವನ್ನು ತಡೆದುಕೊಳ್ಳುತ್ತಿರುತ್ತಾರೆ.

ಇಷ್ಟು ಸಾಮಾನ್ಯವಾದ ಈ ಸಂಗತಿಯನ್ನು ಸ್ಪಷ್ಟವಾಗಿ ಬರೆದಿಡಲು ವೈದ್ಯಲೋಕಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಏಕೆ ಕಾಯಬೇಕಾಯಿತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸಾವಿರ ವರ್ಷಗಳ ಒಂದು ಚರಿತ್ರೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮಕ್ಕಳ ರೋಗಕ್ಕಿಂತ ಹಿರಿಯರ ಭಯದ ಕಥೆಯೇ ಹೆಚ್ಚಿದೆ. ಹೊಟ್ಟೆಯೊಳಗೆ ಉಳಿದದ್ದನ್ನು ಹೇಗಾದರೂ ಹೊರಹಾಕಬೇಕೆಂದು ಹೊರಟ ನಾವು, ಆ ಹೊಟ್ಟೆಯನ್ನು ಹೊತ್ತ ಮಗುವಿನ ಮುಖವನ್ನು ಬಹಳ ಕಾಲ ನೋಡಲೇ ಇಲ್ಲ.

ಗುಲಾಬಿ ನೀರಿನಿಂದ ಜುಲಾಬಿಗೆ

ಭಾಷೆಯಿಂದಲೇ ಆರಂಭಿಸೋಣ. ಪಾರಸಿಯಲ್ಲಿ 'ಗುಲ್' ಎಂದರೆ ಗುಲಾಬಿ, 'ಆಬ್' ಎಂದರೆ ನೀರು. 'ಗುಲಾಬ್' ಎಂಬುದು ಮೂಲತಃ ಗುಲಾಬಿ ನೀರು. ಅರಬರ ಬಾಯಲ್ಲಿ ಅದು 'ಜುಲಾಬ್' ಆಯಿತು. ಔಷಧಿ ಬೆರೆಸಿ ಕೊಡುವ ಸಿಹಿ ಪಾನಕಕ್ಕೆ ಆ ಹೆಸರು ನಿಂತಿತು. ಉರ್ದುವಿಗೆ ಬರುವ ಹೊತ್ತಿಗೆ ಅದೇ ಮಾತು ಭೇದಿ ಔಷಧಿಯ ಹೆಸರಾಗಿತ್ತು. ಅಲ್ಲಿಂದ ಕನ್ನಡಕ್ಕೆ ಬಂದು 'ಜುಲಾಬು' ಎಂದು ಉಳಿದುಕೊಂಡಿತು. ಗುಲಾಬಿಯ ಪರಿಮಳದಿಂದ ಹೊರಟ ಪದವೊಂದು ಮಕ್ಕಳು ಕೇಳಿದ ಕೂಡಲೇ ಮಂಚದ ಕೆಳಗೆ ಅಡಗುವಂತೆ ಮಾಡುವ ಪದವಾಗಿ ಮುಗಿಯಿತು.

ಮಲಬದ್ಧತೆಗೆ ಉರ್ದುವಿನಲ್ಲಿ 'ಕಬ್ಜ್' ಎನ್ನುತ್ತಾರೆ. ಹಿಡಿದುಕೊಳ್ಳುವುದು, ವಶಪಡಿಸಿಕೊಳ್ಳುವುದು ಎಂಬ ಅರ್ಥದ ಅರಬಿ ಮಾತು ಅದು. ನಮ್ಮ ಜಮೀನು ಪತ್ರಗಳಲ್ಲಿ ಬರುವ 'ಕಬ್ಜೆ'ಯೂ ಅಲ್ಲಿಂದಲೇ ಬಂದದ್ದು. ಕಬ್ಜ್ ಎಂದರೆ 'ಉಮ್ಮುಲ್ ಅಮ್ರಾಜ್', ಅಂದರೆ ಎಲ್ಲ ರೋಗಗಳ ತಾಯಿ ಎಂದು ಹಕೀಮರು ಹೇಳುತ್ತ ಬಂದರು. ಕನ್ನಡದಲ್ಲಿ ಅರೆಬರೆ ವೈದ್ಯನನ್ನು 'ಅಳಲೆಕಾಯಿ ಪಂಡಿತ' ಎಂದು ಲೇವಡಿ ಮಾಡುತ್ತೇವೆ. ಯಾವ ರೋಗ ಹೇಳಿದರೂ ಹೊಟ್ಟೆ ತೊಳೆಯುವ ಅಳಲೆಕಾಯಿಯನ್ನೇ ಕೊಟ್ಟು ಕಳಿಸುವವನು ಆತ. ಊರಿನ ಜನ ಅವನನ್ನು ನೋಡಿ ನಕ್ಕರೂ ಮನೆಯಲ್ಲಿ ಮಾಡುತ್ತಿದ್ದದ್ದು ಅವನ ವೈದ್ಯವನ್ನೇ.

ಹರಳೆಣ್ಣೆಯ ಭಾನುವಾರಗಳನ್ನು ಕಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಉತ್ತರ ಕರ್ನಾಟಕದಲ್ಲಿ ಅದನ್ನು ಔಡಲೆಣ್ಣೆ ಎನ್ನುತ್ತಾರೆ. ಶಾಲೆಗೆ ರಜೆ ಇರುವ ದಿನ ನೋಡಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಾಯಿ ತೆರೆಸಿ, ಬಿಸಿ ಕಾಫಿಯಲ್ಲೋ ಹಾಲಿನಲ್ಲೋ ಬೆರೆಸಿ ಕುಡಿಸುತ್ತಿದ್ದರು. ಮಧ್ಯಾಹ್ನ ತಿಳಿಸಾರು ಮತ್ತು ಮೆತ್ತನೆಯ ಅನ್ನ. ಈ ವಿಷಯದಲ್ಲಿ ಮುಸಲ್ಮಾನರ ಮನೆ, ಹಿಂದೂಗಳ ಮನೆ, ಕ್ರೈಸ್ತರ ಮನೆ ಎಂಬ ಭೇದ ಇರಲಿಲ್ಲ. ಹೊಟ್ಟೆ ಕಟ್ಟಿದ ಮಗುವಿಗೂ, ದಿನವೂ ಸಲೀಸಾಗಿ ಹೋಗಿಬರುವ ಮಗುವಿಗೂ ಒಂದೇ ಚಮಚ. ಹರಳೆಣ್ಣೆಯಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನು ಕೆಣಕಿ ಜೋರಾಗಿ ಹಿಂಡುವಂತೆ ಮಾಡುತ್ತದೆ. ಆ ದಿನ ಹೊಟ್ಟೆ ಖಾಲಿಯಾಗುವುದು ನಿಜ. ಆದರೆ ಸಂಡಾಸಿಗೆ ಹೋದರೆ ನೋವಾಗುತ್ತದೆ ಎಂದು ಮೊದಲೇ ಹೆದರಿದ್ದ ಮಗುವಿಗೆ ಆ ಹೊಟ್ಟೆ ಮುರಿತ ತನ್ನ ಭಯಕ್ಕೆ ಇನ್ನೊಂದು ಸಾಕ್ಷಿಯಾಗುತ್ತಿತ್ತು.

ಹಳೆಯ ಗ್ರಂಥಗಳು ಹೇಳಿದ್ದು

ಹಳೆಯ ವೈದ್ಯರೆಲ್ಲ ಹೀಗೆ ಕಠೋರರಾಗಿದ್ದರು ಎಂದು ಭಾವಿಸಿದರೆ ಅವರಿಗೆ ಅನ್ಯಾಯ ಮಾಡಿದಂತೆ. ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಬೂಬಕರ್ ಅಲ್-ರಾಝಿ (865-925) ಮಕ್ಕಳ ರೋಗಗಳ ಮೇಲೆಯೇ ಒಂದು ಪುಟ್ಟ ಗ್ರಂಥ ಬರೆದರು. ಅದರ ಅರಬಿ ಮೂಲ ಕಳೆದುಹೋಗಿದೆ. ಲ್ಯಾಟಿನ್ ಮತ್ತು ಹೀಬ್ರೂ ಅನುವಾದಗಳು ಉಳಿದಿವೆ. ಕೇವಲ ಮಕ್ಕಳ ರೋಗಗಳಿಗೆ ಮೀಸಲಾದ ಮೊದಲ ಪುಸ್ತಕಗಳಲ್ಲಿ ಇದೂ ಒಂದೆಂದು ವೈದ್ಯಚರಿತ್ರೆಕಾರರು ಗುರುತಿಸುತ್ತಾರೆ. ಅವರ ನಂತರ ಬಂದ ಇಬ್ನ್ ಸೀನಾ (980-1037) ತಮ್ಮ 'ಅಲ್-ಕಾನೂನ್' ಗ್ರಂಥದ ಮೊದಲ ಭಾಗದಲ್ಲಿಯೇ ಶಿಶುಗಳ ಆರೈಕೆಗೆ ಜಾಗ ಕೊಟ್ಟರು. ಕೂಸಿನ ಹೊಟ್ಟೆ ಕಟ್ಟಿದರೆ ಜೇನುತುಪ್ಪವನ್ನು ಗಟ್ಟಿ ಮಾಡಿ ಬತ್ತಿಯಂತೆ ಬಳಸುವುದು, ಹೊಟ್ಟೆಗೆ ಎಣ್ಣೆ ಸವರುವುದು ಇಂತಹ ಮೃದು ಉಪಾಯಗಳು ಅಲ್ಲಿವೆ. ಕೂಸಿಗೆ ಕಾಯಿಲೆಯಾದರೆ ಹಾಲುಣಿಸುವವಳ ಆಹಾರವನ್ನೂ ಗಮನಿಸಬೇಕು ಎಂಬುದು ಆ ಪರಂಪರೆಯ ಮುಖ್ಯ ತಿಳಿವಳಿಕೆ. ಮಕ್ಕಳಿಗೆ ತೀಕ್ಷ್ಣವಾದ ಔಷಧಿ ಸಲ್ಲದು, ಮೃದುವಾದದ್ದನ್ನೇ ಕೊಡಬೇಕು ಎಂದು ಆಯುರ್ವೇದದ ಗ್ರಂಥಗಳೂ ಹೇಳಿವೆ.

ಆದರೆ ಗ್ರಂಥದ ವಿವೇಕ ಅಂಗಡಿಗೆ ಇಳಿಯುವಾಗ ಹಾದಿಯಲ್ಲಿ ಸೋರಿಹೋಗುತ್ತದೆ. ದೇಹದಲ್ಲಿ ಕೆಟ್ಟ ದ್ರವ ಸೇರಿಕೊಂಡರೆ ರೋಗ, ಅದನ್ನು ಹೊರಹಾಕಿದರೆ ಆರೋಗ್ಯ ಎಂಬ ಗ್ರೀಕರ ಕಾಲದ ನಂಬಿಕೆ ಪೂರ್ವ ಪಶ್ಚಿಮಗಳಲ್ಲೆಲ್ಲ ಹರಡಿತ್ತು. ಎಚ್ಚರಿಕೆಯ ಮಾತುಗಳು ಮರೆತುಹೋದವು, ಹೊರಹಾಕುವ ಉತ್ಸಾಹ ಮಾತ್ರ ಉಳಿಯಿತು.

ಪಾದರಸದ ಪುಡಿ

ಈ ಉತ್ಸಾಹ ಎಂತಹ ಅನಾಹುತಕ್ಕೆ ದಾರಿ ಮಾಡಬಲ್ಲದು ಎಂಬುದಕ್ಕೆ ಯುರೋಪಿನ ಒಂದು ಉದಾಹರಣೆ ಸಾಕು. ಕ್ಯಾಲೊಮೆಲ್ ಎಂಬ ಬಿಳಿ ಪುಡಿ ಅಲ್ಲಿ ಶತಮಾನಗಳ ಕಾಲ ಜನಪ್ರಿಯ ಭೇದಿ ಔಷಧಿಯಾಗಿತ್ತು. ಅದು ಪಾದರಸದ ಸಂಯುಕ್ತ. ಹಲ್ಲು ಬರುವ ಕಾಲದಲ್ಲಿ ಕೂಸು ಅತ್ತು ರಂಪ ಮಾಡಿದರೆ ಹೊಟ್ಟೆ ಶುದ್ಧವಿಲ್ಲದಿರುವುದೇ ಕಾರಣ ಎಂದು ನಂಬಿದ್ದರಿಂದ, ಹಲ್ಲಿನ ಪುಡಿ ಎಂದು ಮಾರುತ್ತಿದ್ದ ಔಷಧಿಗಳಲ್ಲೂ ಕ್ಯಾಲೊಮೆಲ್ ಸೇರಿಕೊಂಡಿತು. ಚೀಟಿಯಿಲ್ಲದೆ, ಕಡಿಮೆ ಬೆಲೆಗೆ, ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳ ವೈದ್ಯರು ಕೂಸುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಂಡರು. ಅಂಗೈ ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಸಿಪ್ಪೆ ಸುಲಿಯುತ್ತಿತ್ತು. ಮಗು ಬೆಳಕು ಸಹಿಸುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ, ಹಗಲಿರುಳು ನರಳುತ್ತಿತ್ತು. 'ಪಿಂಕ್ ಡಿಸೀಸ್' ಎಂದು ಕರೆಸಿಕೊಂಡ ಈ ಕಾಯಿಲೆಗೆ ನೂರಾರು ಕೂಸುಗಳು ಬಲಿಯಾದವು. ಸೋಂಕು ಇರಬಹುದೇ, ಜೀವಸತ್ವದ ಕೊರತೆಯೇ ಎಂದು ದಶಕಗಳ ಕಾಲ ಚರ್ಚೆ ನಡೆಯಿತು. ಪುಡಿ ತಿಂದ ಮಕ್ಕಳಲ್ಲಿ ಬಹಳ ಕಡಿಮೆ ಮಂದಿಗೆ ಮಾತ್ರ ಕಾಯಿಲೆ ಬರುತ್ತಿದ್ದುದರಿಂದ ಪುಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ವೈದ್ಯ ಜೋಸೆಫ್ ವಾರ್ಕಾನಿ ಇಂತಹ ಮಕ್ಕಳ ಮೂತ್ರದಲ್ಲಿ ಪಾದರಸ ಇರುವುದನ್ನು ಕಂಡು 1948ರಲ್ಲಿ ಸಹೋದ್ಯೋಗಿಯೊಡನೆ ಅದನ್ನು ಪ್ರಕಟಿಸಿದರು. 1954ರಲ್ಲಿ ಬ್ರಿಟನ್ನಿನ ತಯಾರಕರು ಹಲ್ಲಿನ ಪುಡಿಯಿಂದ ಕ್ಯಾಲೊಮೆಲ್ ಕೈಬಿಟ್ಟರು. ಕೆಲವೇ ವರ್ಷಗಳಲ್ಲಿ ಆ ಕಾಯಿಲೆ ಮಾಯವಾಯಿತು.

ಆ ಪುಡಿ ತಿನ್ನಿಸಿದ ತಾಯಂದಿರು ಮಕ್ಕಳನ್ನು ಪ್ರೀತಿಸುತ್ತಿರಲಿಲ್ಲವೇ? ಪ್ರೀತಿಯಿಂದಲೇ ತಿನ್ನಿಸಿದರು. ಹೊಟ್ಟೆ ತೊಳೆಯಬೇಕೆಂಬ ನಂಬಿಕೆಯನ್ನು ಪ್ರಶ್ನಿಸುವ ಧೈರ್ಯ ಅವರಿಗೆ ಮಾತ್ರವಲ್ಲ, ಅವರ ವೈದ್ಯರಿಗೂ ಇರಲಿಲ್ಲ.

ಹೊಟ್ಟೆಯೊಳಗಿನ ವಿಷ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಳೆಯ ಭಯಕ್ಕೆ ವಿಜ್ಞಾನದ ಹೊಸ ಅಂಗಿ ತೊಡಿಸಲಾಯಿತು. ಕರುಳಿನಲ್ಲಿ ಉಳಿದ ಮಲದಿಂದ ವಿಷ ಹುಟ್ಟಿ ರಕ್ತಕ್ಕೆ ಸೇರುತ್ತದೆ ಎಂದು ಫ್ರಾನ್ಸಿನ ಶಾರ್ಲ್ ಬುಶಾರ್ ಪ್ರತಿಪಾದಿಸಿದರು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಇದನ್ನು ಎಷ್ಟು ನಂಬಿದರೆಂದರೆ, ಮಲಬದ್ಧತೆ ಇರುವವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅವರ ರೋಗಿಗಳಲ್ಲಿ ಹೆಚ್ಚಿನವರು ವಯಸ್ಕರು, ಅದರಲ್ಲೂ ಹೆಂಗಸರು. ಆದರೆ ಅವರು ಬಿತ್ತಿದ ಭಯ ಮಕ್ಕಳ ಕೋಣೆಗೂ ತಲುಪಿತು. ದಿನಕ್ಕೊಮ್ಮೆ ಹೋಗದ ಮಗು ವಿಷ ಹೊತ್ತ ಮಗು ಎಂಬ ಭಾವನೆ ಬೆಳೆಯಿತು.

ಮಾರುಕಟ್ಟೆ ಇಂತಹ ಭಯವನ್ನು ಬಿಟ್ಟೀತೇ? ಅಮೆರಿಕದಲ್ಲಿ 1868ರಲ್ಲಿ ಪೇಟೆಂಟ್ ಪಡೆದ 'ಕ್ಯಾಸ್ಟೋರಿಯಾ' ಎಂಬ ಮಕ್ಕಳ ಔಷಧಿಯ ಮುಖ್ಯ ವಸ್ತು ಸೋನಾಮುಖಿ, ನಮ್ಮ ಹಕೀಮರ 'ಸನಾಯೆ ಮಕ್ಕಿ'. ಮಕ್ಕಳೇ ಅದಕ್ಕಾಗಿ ಅಳುತ್ತಾರೆ ಎಂಬ ಅದರ ಜಾಹೀರಾತು ಅಲ್ಲಿನ ಗೋಡೆಗಳ ಮೇಲೆಲ್ಲ ರಾರಾಜಿಸಿತು. ಇಂಗ್ಲೆಂಡಿನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಗ್ರೈಪ್ ವಾಟರ್ ನಮ್ಮ ದೇಶಕ್ಕೂ ಬಂದು ಬಾಣಂತಿ ಕೋಣೆಯ ಗೂಡಿನಲ್ಲಿ ಖಾಯಂ ಆಗಿ ಕುಳಿತಿತು. ಅದು ಹೊಟ್ಟೆನೋವಿನ ಕೂಸಿಗೆ ಕೊಡುವ ಔಷಧಿ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಗಳ ಜೊತೆ ಮೂಲ ತಯಾರಿಕೆಯಲ್ಲಿ ಮದ್ಯಸಾರವೂ ಇತ್ತು. ಬ್ರಿಟನ್ನಿನಲ್ಲಿ ಅದನ್ನು ತೆಗೆಸಿದ್ದು 1992ರಲ್ಲಿ. ಮದ್ಯ ಮುಟ್ಟದ ಎಷ್ಟೋ ಮನೆತನಗಳ ಕೂಸುಗಳು ಅದುವರೆಗೆ ಅರಿವಿಲ್ಲದೆ ಅದರ ಹನಿಗಳನ್ನು ಚಪ್ಪರಿಸಿರಬಹುದು.

ಮಲದ ವಿಷದ ವಾದವನ್ನು ಅಲುಗಾಡಿಸಿದ ಪ್ರಯೋಗ ಬಹಳ ಸರಳವಾಗಿತ್ತು. ಅಮೆರಿಕದ ಡೊನಾಲ್ಡ್‌ಸನ್ ಎಂಬ ವೈದ್ಯ 1922ರಲ್ಲಿ ಅದನ್ನು ಪ್ರಕಟಿಸಿದರು. ಕೆಲವು ದಿನ ಮಲವಿಸರ್ಜನೆ ಮಾಡದೆ ಇದ್ದವರಿಗೆ ತಲೆನೋವು, ಮಂಕು, ಕಿರಿಕಿರಿ ಕಾಣಿಸಿಕೊಂಡವು. ಬಳಿಕ ಗುದನಾಳಕ್ಕೆ ಬರೀ ಹತ್ತಿ ತುಂಬಿ ನೋಡಿದರೆ ಅದೇ ಲಕ್ಷಣಗಳು ಕಂಡವು. ಹತ್ತಿಯಲ್ಲಿ ವಿಷ ಎಲ್ಲಿಂದ ಬರಬೇಕು? ಹಿಗ್ಗಿದ ಗುದನಾಳದ ಹಿಂಸೆಯೇ ಆ ಲಕ್ಷಣಗಳಿಗೆ ಕಾರಣವಾಗಿತ್ತು. ಇಷ್ಟಾದರೂ ಹೊಟ್ಟೆಯ ವಿಷ ತೊಳೆಯುವುದಾಗಿ ಹೇಳುವ ಪುಡಿ ಮತ್ತು ಚಹಾಗಳ ಮಾರಾಟ ಇಂದಿಗೂ ನಿಂತಿಲ್ಲ.

ಗಡಿಯಾರ ಮತ್ತು ಮಡಕೆ

ಅದೇ ಕಾಲದಲ್ಲಿ ಮಕ್ಕಳ ಸಾಕಣೆಗೆ ಗಡಿಯಾರ ಪ್ರವೇಶಿಸಿತು. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಪ್ಲಂಕೆಟ್ ಸಂಸ್ಥೆ ಕಟ್ಟಿದ ವೈದ್ಯ ಟ್ರೂಬಿ ಕಿಂಗ್ ಹಾಲು, ನಿದ್ದೆ, ಮಲವಿಸರ್ಜನೆ ಎಲ್ಲಕ್ಕೂ ವೇಳೆ ಗೊತ್ತುಪಡಿಸಿದರು. ಅಮೆರಿಕ ಸರ್ಕಾರ 1914ರಿಂದ ಪ್ರಕಟಿಸುತ್ತ ಬಂದ ಶಿಶುಪಾಲನೆಯ ಕೈಪಿಡಿ, 1930ರ ದಶಕದಲ್ಲಿ, ಮೊದಲ ತಿಂಗಳ ಕೊನೆಯಿಂದಲೇ ಮಗುವನ್ನು ಮಲಪಾತ್ರೆಯ ಮೇಲೆ ಹಿಡಿದು ಅಭ್ಯಾಸ ಮಾಡಿಸಬಹುದೆಂದು ತಾಯಂದಿರಿಗೆ ಹೇಳುತ್ತಿತ್ತು. ಕತ್ತು ನಿಲ್ಲದ ಕೂಸು ಗಡಿಯಾರಕ್ಕೆ ಸರಿಯಾಗಿ ಮಲವಿಸರ್ಜನೆ ಮಾಡದಿದ್ದರೆ ಅದು ತಾಯಿಯ ಸೋಲು.

ನಮ್ಮ ಹಳ್ಳಿಗಳಲ್ಲೂ ತಾಯಂದಿರು ಕೂಸನ್ನು ಬೇಗನೆ ಅಭ್ಯಾಸ ಮಾಡಿಸುತ್ತಿದ್ದರು. ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿಕೊಂಡು, 'ಕಕ್ಕ ಮಾಡು ಕಂದ' ಎಂದು ಸದ್ದು ಮಾಡುತ್ತಾ ಕಾಯುವ ದೃಶ್ಯ ನಮಗೆ ಹೊಸದೇನಲ್ಲ. ಆದರೆ ಅಲ್ಲಿ ತಾಯಿ ಕೂಸಿನ ಮುಖ ನೋಡಿ ಹೊತ್ತು ಅರಿಯುತ್ತಿದ್ದಳು. ಮಾಡಿದರೆ ತೊಳೆದಳು, ಮಾಡದಿದ್ದರೆ ಎತ್ತಿಕೊಂಡಳು. ವಯಸ್ಸಿನ ಪ್ರಶ್ನೆಗಿಂತ ಬಲವಂತದ ಪ್ರಶ್ನೆ ದೊಡ್ಡದು. ಇದನ್ನು ವೈದ್ಯಶಾಸ್ತ್ರದ ಭಾಷೆಯಲ್ಲಿ ಹೇಳಿದವರು ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್‌ಟನ್. ಹತ್ತು ವರ್ಷ 1,170 ಮಕ್ಕಳನ್ನು ಗಮನಿಸಿ ಅವರು 1962ರಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟೇ: ಮಗು ಸಿದ್ಧವಾಗುವವರೆಗೆ ಕಾಯಿರಿ, ಒತ್ತಾಯಿಸಬೇಡಿ.

ನಿಜವಾದ ರೋಗವೂ ಉಂಟು

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಎಲ್ಲ ಮಲಬದ್ಧತೆಯೂ ಭಯದಿಂದ ಬಂದದ್ದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯ ಹರಾಲ್ಡ್ ಹಿರ್ಶ್‌ಸ್ಪ್ರುಂಗ್ 1886ರಲ್ಲಿ ಬರ್ಲಿನ್‌ನ ವೈದ್ಯರ ಸಭೆಯಲ್ಲಿ, ವರ್ಷ ತುಂಬುವ ಮೊದಲೇ ತೀರಿಕೊಂಡ ಎರಡು ಕೂಸುಗಳ ಬಗ್ಗೆ ವಿವರಿಸಿದರು. ಹುಟ್ಟಿದಂದಿನಿಂದ ಅವುಗಳ ಹೊಟ್ಟೆ ಕಟ್ಟಿತ್ತು. ದೊಡ್ಡ ಕರುಳು ಭಾರಿಯಾಗಿ ಊದಿತ್ತು. ಮುಂದಿನ ಸುಮಾರು ಅರುವತ್ತು ವರ್ಷ ಹೆಚ್ಚಿನ ವೈದ್ಯರು ಆ ಊದಿದ ಭಾಗದಲ್ಲೇ ದೋಷ ಹುಡುಕಿದರು. ದೋಷ ಇದ್ದದ್ದು ಅದರ ಕೆಳಗೆ, ನೋಡಲು ಸರಿಯಾಗಿಯೇ ಕಾಣುತ್ತಿದ್ದ ಸಣ್ಣ ಭಾಗದಲ್ಲಿ. ಅಲ್ಲಿ ಹುಟ್ಟಿನಿಂದಲೇ ನರಕೋಶಗಳಿರಲಿಲ್ಲ. ಆದ್ದರಿಂದ ಆ ಭಾಗ ಸಡಿಲಗೊಂಡು ಮಲವನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಈ ತಿಳಿವಳಿಕೆಯ ಆಧಾರದ ಮೇಲೆ ಬಾಸ್ಟನ್‌ನ ಆರ್ವಾರ್ ಸ್ವೆನ್ಸನ್ ನಡೆಸಿದ ಶಸ್ತ್ರಚಿಕಿತ್ಸೆಯ ವಿವರ 1948ರಲ್ಲಿ ಪ್ರಕಟವಾಯಿತು. ಸಾಯುತ್ತಿದ್ದ ಮಕ್ಕಳು ಬದುಕತೊಡಗಿದರು.

ಸುಮಾರು ಐದು ಸಾವಿರ ಹೆರಿಗೆಗಳಲ್ಲಿ ಒಂದು ಮಗುವಿಗೆ ಈ ರೋಗ ಇರುತ್ತದೆ. ಹುಟ್ಟಿದ ಒಂದೆರಡು ದಿನಗಳಲ್ಲಿ ಕೂಸು ಕಪ್ಪು ಮಲ ಹಾಕದಿದ್ದರೆ, ಮೊದಲ ತಿಂಗಳಲ್ಲೇ ಹೊಟ್ಟೆ ಕಟ್ಟತೊಡಗಿದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಬಂದರೆ, ಮಗು ತೂಕ ಏರದಿದ್ದರೆ ಮನೆಮದ್ದು ಮಾಡುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಎದೆಹಾಲು ಮಾತ್ರ ಕುಡಿಯುತ್ತ ಚೆನ್ನಾಗಿ ಬೆಳೆಯುತ್ತಿರುವ ಕೂಸು ಒಂದು ತಿಂಗಳು ಕಳೆದ ಬಳಿಕ ಕೆಲವು ದಿನಕ್ಕೊಮ್ಮೆ ಮೆತ್ತನೆಯ ಮಲ ಹಾಕಿದರೆ ಅದು ರೋಗವಲ್ಲ.

ಬಾಗಿಲ ಹಿಂದೆ ನಿಂತ ಮಗು

ಉಳಿದ ಮಕ್ಕಳ ಕಡೆಗೆ ವೈದ್ಯರ ಗಮನ ಹರಿಯಲು ತಡವಾದುದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮಂತಹ ದೇಶಗಳಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದದ್ದು ಮಲಬದ್ಧತೆಯಲ್ಲ, ಭೇದಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ, ನೂರಕ್ಕೆ ಮೂವತ್ತರಷ್ಟಿದ್ದ ಸಾವನ್ನು ನಾಲ್ಕಕ್ಕಿಂತ ಕೆಳಗೆ ಇಳಿಸಿದರು. ಭೇದಿಯಾದ ಮಗುವಿಗೆ ನೀರು ಕೊಡಬಾರದು ಎಂಬ ಹಳೆಯ ನಂಬಿಕೆಯನ್ನು ಆ ಶಿಬಿರ ಮುರಿಯಿತು. ಸಾವಿನ ಎದುರು ನಿಂತ ವೈದ್ಯರಿಗೆ ಹೊಟ್ಟೆ ಕಟ್ಟಿದ ಮಗು ಸಣ್ಣ ಸಂಗತಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಪಶ್ಚಿಮದಲ್ಲಿ ಬೇರೆಯೇ ತೊಡಕಿತ್ತು. ದೊಡ್ಡ ಮಗು ಚಡ್ಡಿಯಲ್ಲಿ ಮಲ ಮಾಡಿಕೊಂಡರೆ ಅದು ಮಗುವಿನ ಹಟ ಅಥವಾ ತಾಯಿಯ ಸ್ವಭಾವದ ದೋಷ ಎಂದು ಅಲ್ಲಿನ ಮನೋವಿಶ್ಲೇಷಕರು ಹೇಳುತ್ತ ಬಂದರು. ಅಮೆರಿಕದ ಮರೆ ಡೇವಿಡ್‌ಸನ್ ಮತ್ತು ಸಂಗಡಿಗರು 1963ರಲ್ಲಿ ಬೇರೆ ದಾರಿ ತೋರಿಸಿದರು. ಮೊದಲು ಕಟ್ಟಿಕೊಂಡದ್ದನ್ನು ತೆಗೆಯುವುದು, ಮತ್ತೆ ಗಟ್ಟಿಯಾಗದಂತೆ ತಿಂಗಳುಗಟ್ಟಲೆ ಔಷಧಿ ಕೊಡುವುದು, ಊಟದ ನಂತರ ನಿಯಮಿತವಾಗಿ ಕೂರಿಸುವುದು. ಮಕ್ಕಳ ಮಲಬದ್ಧತೆಯನ್ನು ಗುರುತಿಸಲು ಎಲ್ಲ ದೇಶಗಳ ವೈದ್ಯರೂ ಬಳಸಬಹುದಾದ 'ರೋಮ್ ಮಾನದಂಡ' ಬಂದದ್ದು 1999ರಲ್ಲಿ. 2006 ಮತ್ತು 2016ರಲ್ಲಿ ಅದನ್ನು ತಿದ್ದಲಾಯಿತು. ಭಾರತದ ಮಕ್ಕಳ ಜೀರ್ಣಾಂಗ ತಜ್ಞರ ಮಾರ್ಗಸೂಚಿ 2018ರಲ್ಲಿ ಪ್ರಕಟವಾಯಿತು.

ಇಷ್ಟು ವರ್ಷಗಳ ನಂತರ ಅರ್ಥವಾದದ್ದು ಇದು. ಜ್ವರ ಬಂದಾಗಲೋ, ಎದೆಹಾಲು ಬಿಡಿಸಿದಾಗಲೋ, ಹಾಲು ಬಿಸ್ಕತ್ತುಗಳೇ ಊಟವಾದಾಗಲೋ ಒಂದು ದಿನ ಮಲ ಗಟ್ಟಿಯಾಗುತ್ತದೆ. ಹೋಗುವಾಗ ಉರಿಯುತ್ತದೆ. ಮರುದಿನ ಒತ್ತಡ ಬಂದಾಗ ಮಗುವಿಗೆ ಆ ಉರಿ ನೆನಪಾಗಿ ತಡೆದುಕೊಳ್ಳುತ್ತದೆ. ಒಳಗೆ ಉಳಿದ ಮಲದ ನೀರನ್ನು ಕರುಳು ಹೀರುತ್ತ ಹೋದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದಿನ ಸಲ ನೋವು ಇನ್ನೂ ಹೆಚ್ಚು. ಬಾಗಿಲ ಹಿಂದೆ ಹೋಗಿ ಕಾಲು ಕತ್ತರಿಯಂತೆ ಹೆಣೆದು, ಮುಖ ಕೆಂಪಾಗಿಸಿ ನಿಂತ ಮಗುವನ್ನು ನೋಡಿ ಮುಕ್ಕುತ್ತಿದೆ ಎಂದುಕೊಳ್ಳುತ್ತೇವೆ. ಅದು ಶಕ್ತಿಮೀರಿ ತಡೆಯುತ್ತಿದೆ.

ಹೀಗೆ ತಿಂಗಳುಗಳು ಕಳೆದರೆ ಗುದನಾಳ ಹಿಗ್ಗಿ, ಒತ್ತಡದ ಅರಿವೇ ಮಂಕಾಗುತ್ತದೆ. ಗಟ್ಟಿಯಾದ ಮಲದ ಬದಿಯಿಂದ ತೆಳುವಾದದ್ದು ಮಗುವಿಗೆ ತಿಳಿಯದಂತೆ ಚಡ್ಡಿಗೆ ಸೋರುತ್ತದೆ. ತಾಯಿಗೆ ಅದು ಭೇದಿಯಂತೆ ಕಾಣುತ್ತದೆ, ತಂದೆಗೆ ಕೊಬ್ಬಿನಂತೆ ಕಾಣುತ್ತದೆ, ಸಹಪಾಠಿಗಳಿಗೆ ನಗೆಪಾಟಲಾಗುತ್ತದೆ. 'ಎಂಟು ವರ್ಷವಾಯಿತು, ನಾಚಿಕೆಯಾಗುವುದಿಲ್ಲವೇ' ಎಂದು ಬೀಳುವ ಏಟು ಎಷ್ಟು ಮನೆಗಳಲ್ಲಿ ಬಿದ್ದಿಲ್ಲ! ತನಗೆ ಗೊತ್ತೇ ಆಗದೆ ನಡೆದದ್ದಕ್ಕೆ ಶಿಕ್ಷೆ ಅನುಭವಿಸುವ ಮಗು ಯಾರಲ್ಲಿ ನ್ಯಾಯ ಕೇಳಬೇಕು? ಶ್ರೀಲಂಕಾದ ವೈದ್ಯರಾದ ದೇವನಾರಾಯಣ ಮತ್ತು ರಾಜಿಂದ್ರಜಿತ್ 2010ರಲ್ಲಿ ಪ್ರಕಟಿಸಿದ ಶಾಲಾಮಕ್ಕಳ ಅಧ್ಯಯನದಲ್ಲಿ ಮಲಬದ್ಧತೆಯ ಜೊತೆ ತಳಕು ಹಾಕಿಕೊಂಡದ್ದು ಆಪ್ತ ಗೆಳೆಯನ ಅಗಲಿಕೆ, ಪರೀಕ್ಷೆಯ ಸೋಲು, ಹೆತ್ತವರ ನೌಕರಿ ಹೋದದ್ದು, ಪದೇ ಪದೇ ಸಿಗುವ ಶಿಕ್ಷೆ, ಯುದ್ಧಪೀಡಿತ ಪ್ರದೇಶದ ವಾಸ. ಮಗುವಿನ ಹೊಟ್ಟೆ ಊರಿನ ಸುದ್ದಿಯನ್ನೂ ಮನೆಯ ಸುದ್ದಿಯನ್ನೂ ಓದುತ್ತದೆ ಎಂದಾಯಿತು.

ಶಾಲೆಯ ಬೀಗ

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ವೈದ್ಯರು ಕೊಟ್ಟ ಮಲ ಮೆದುಗೊಳಿಸುವ ಔಷಧಿಯನ್ನು ಒಂದು ವಾರಕ್ಕೆ ನಿಲ್ಲಿಸದೆ, ಅವರು ಹೇಳಿದಷ್ಟು ತಿಂಗಳು ಕೊಡುವುದು. ಊಟವಾದ ಮೇಲೆ ಐದು ಹತ್ತು ನಿಮಿಷ ಆತುರವಿಲ್ಲದೆ ಕೂರಿಸುವುದು. ಕಮೋಡಾದರೆ ಕಾಲ ಕೆಳಗೊಂದು ಮಣೆ ಇಡುವುದು. ಸೊಪ್ಪು, ಕಾಳು, ರಾಗಿ, ಹಣ್ಣುಗಳನ್ನು ಮೈದಾ ತಿನಿಸಿನ ಜಾಗಕ್ಕೆ ತರುವುದು, ಲೋಟಗಟ್ಟಲೆ ಹಾಲಿಗೆ ಮಿತಿ ಹಾಕುವುದು, ನೀರು ಕುಡಿಸುವುದು. ಇದೆಲ್ಲಕ್ಕಿಂತ ಮೊದಲು ಹೊಡೆಯುವುದನ್ನೂ ಹಂಗಿಸುವುದನ್ನೂ ಬಿಡುವುದು.

ಆದರೆ ಮಗು ಹಗಲಿನ ಆರೇಳು ಗಂಟೆ ಇರುವುದು ಶಾಲೆಯಲ್ಲಿ. ಅಲ್ಲಿನ ಶೌಚಾಲಯದ ಚರಿತ್ರೆಯನ್ನು ಯಾರೂ ಬರೆದಂತಿಲ್ಲ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. 2014ರ ನಂತರ ದೇಶದಾದ್ಯಂತ ಶಾಲಾ ಶೌಚಾಲಯಗಳನ್ನು ಕಟ್ಟುವ ಅಭಿಯಾನ ನಡೆಯಿತು. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಕಟ್ಟಿಸಿದ ಶೌಚಾಲಯಗಳಲ್ಲಿ ಕೆಲವನ್ನು ಪರಿಶೀಲಿಸಿದ ಸಿಎಜಿ ವರದಿ 2020ರಲ್ಲಿ ಸಂಸತ್ತಿನ ಮುಂದೆ ಬಂದಾಗ, ಅವುಗಳಲ್ಲಿ ಬಹುಪಾಲಿನ ಒಳಗೆ ನಲ್ಲಿ ನೀರೇ ಇರಲಿಲ್ಲ. ಕೆಲವಂತೂ ಕಾಗದದ ಮೇಲೆ ಮಾತ್ರ ಇದ್ದವು. ಇರುವ ಕಡೆಗಳಲ್ಲೂ ಚಿಲಕವಿಲ್ಲದ ಬಾಗಿಲು, ಅಧ್ಯಾಪಕರಿಗೆ ಮೀಸಲೆಂದು ಬೀಗ ಜಡಿದ ಒಂದು ಕೋಣೆ, ಪಾಠದ ನಡುವೆ ಎರಡು ಬೆರಳೆತ್ತಿದರೆ 'ಬಿಡುವಿನಲ್ಲಿ ಹೋಗಲು ಏನಾಗಿತ್ತು' ಎಂಬ ಗದರಿಕೆ ನಮ್ಮ ಮಕ್ಕಳಿಗೆ ಪರಿಚಿತ. ಬೆಳಿಗ್ಗೆ ನೀರು ಕುಡಿಯದೆ, ಸಂಜೆ ಮನೆ ತಲುಪುವವರೆಗೆ ತುಟಿ ಕಚ್ಚಿಕೊಂಡಿರುವುದನ್ನು ಹೆಣ್ಣುಮಕ್ಕಳು ಒಂದನೇ ತರಗತಿಯಲ್ಲೇ ಕಲಿತುಬಿಡುತ್ತಾರೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ಪಾಠವನ್ನು ಅವರು ಎಂದೂ ಮರೆಯುವುದಿಲ್ಲ.

ನಮ್ಮ ಶಾಲಾಭಿವೃದ್ಧಿ ಸಮಿತಿಗಳಲ್ಲಿ, ಮಸೀದಿ ಮದರಸಗಳ ಆಡಳಿತ ಸಮಿತಿಗಳಲ್ಲಿ, ಖಾಸಗಿ ಶಾಲೆಗಳ ಪೋಷಕರ ಸಭೆಗಳಲ್ಲಿ ಕಟ್ಟಡ, ಫಲಿತಾಂಶ, ಸಮವಸ್ತ್ರಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಮುಂದಿನ ಸಭೆಯಲ್ಲಿ ನಮ್ಮಲ್ಲೊಬ್ಬರು ಎದ್ದು ನಿಂತು, ದನಿ ತಗ್ಗಿಸದೆ, ಮೂರು ಪ್ರಶ್ನೆ ಕೇಳಲಿ: ಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದೇ, ಅದರ ಬೀಗದ ಕೈ ಯಾರ ಬಳಿ ಇದೆ?